ತೂಕದ ಗಾಳಿ

ಹತ್ತುವಾಗ ಹದಿನೆಂಟು, ಇಳಿದ ಮೇಲೆ ಮೂವತ್ತು.
ಮಾಂದಲಪಟ್ಟಿ ದಾರಿಯ ಲೆಕ್ಕ ಇಷ್ಟೇ.
ಗಾಳಿ ಬಿಡುವುದಕ್ಕೆ ಬೆಂಕಿಕಡ್ಡಿಯೊಂದು ಸಾಕು,
ಪಿನ್ನಿಗೆ ಒತ್ತಿ ಹಿಡಿದರೆ ಟಯರು ಉಸ್ಸೆಂದು
ಗದ್ದೆಗಿಳಿದ ಬರಿಗಾಲಿನ ಹಾಗೆ
ಕೆಸರಲ್ಲಿ ಅಗಲವಾಗಿ ಪಾದ ಊರುತ್ತದೆ.
ಮತ್ತೆ ತುಂಬುವುದಿದೆಯಲ್ಲ,
ಅದನ್ನು ನನ್ನ ಬಲಗಾಲಿನ ಹತ್ತಿರ ಕೇಳಿ.

ಒಂದು ಟಯರಿಗೆ ಇನ್ನೂರ ಎಪ್ಪತ್ತು ತುಳಿತ,
ನಾಲ್ಕಕ್ಕೆ ನೀವೇ ಗುಣಿಸಿಕೊಳ್ಳಿ.
ಬಂದ ಗಿರಾಕಿಗಳು
ಮೊದಲ ಟಯರಿಗೆ ವಿಡಿಯೊ ಮಾಡಿಕೊಳ್ಳುತ್ತಾರೆ,
ಎರಡನೆಯದಕ್ಕೆ ಗಡಿಯಾರ ನೋಡುತ್ತಾರೆ,
ಮೂರನೆಯದಕ್ಕೆ ಪಳಂಗಪ್ಪನ ಜೀಪು ಹತ್ತುತ್ತಾರೆ.
ಅವನದು ಹನ್ನೊಂದು ಸಾವಿರದ ಕಂಪ್ರೆಸರು,
ಬ್ಯಾಟರಿಗೆ ಕಚ್ಚಿಸಿದರೆ ಕಡಜದ ಹಾಗೆ ಗುಂಯ್‌ಗುಡುತ್ತದೆ.
ನನ್ನ ಬ್ಯಾಟರಿಯೋ,
ಹಾರ್ನು ಒತ್ತಿದರೆ ಲೈಟು ಮಂಕಾಗುವ ಜಾತಿ.

ಸುಂಟಿಕೊಪ್ಪದ ಮೂಸಕಾಕ ಸೋಡಾ ನಿಲ್ಲಿಸಿದ್ದರು.
ಗೋಲಿ ಸೀಸೆಗಳನ್ನು ಹೋಂಸ್ಟೇಯವರು ಅಂದಕ್ಕೆಂದು ಒಯ್ದರು,
ತಿರುಗಿಸುವ ಯಂತ್ರ ಗುಜರಿಗೆ ಹೋಯಿತು.
ಮೂಲೆಯಲ್ಲಿ ಸಿಲಿಂಡರೊಂದು ಉಳಿದಿತ್ತು,
ಮೊಣಕಾಲಿಗಿಂತ ಗೇಣು ಎತ್ತರ, ಕಪ್ಪು ಮೈ.
"ಇದರಲ್ಲಿರುವುದು ನೀರಾದ ಗಾಳಿ, ಐದು ಕಿಲೊ,
ಸಾವಿರ ಜನರ ತೇಗು.
ನಿನ್ನ ಜೀಪು ತೇಗಿದರೆ ನನಗೇನು? ಎಂಟುನೂರು ಕೊಡು."

ಕತ್ತಿನ ಮೇಲಿನ ಮುದ್ರೆ ಹಳೆಯದು,
ಮೈಸೂರಿಗೆ ಕಳಿಸಿ ಪರೀಕ್ಷೆ ಮಾಡಿಸಿ ಹೊಸದು ಹೊಡೆಸಿದೆ.
ಕುಶಾಲನಗರದ ವೆಲ್ಡಿಂಗ್ ಶೆಡ್ಡಿನ ಜೋಕಿಮ್
ಹಳೇ ರೆಗ್ಯುಲೇಟರು ಕೊಟ್ಟ, ಜೊತೆಗೆ ಒಂದು ಬೈಗುಳ:
"ಇದಿಲ್ಲದೆ ತಿರುಪು ಬಿಚ್ಚಿದೆಯೋ, ಟಯರಿಗೂ ನಿನಗೂ ತಿಥಿ.
ನಿಲ್ಲಿಸಿಯೇ ಇಡು. ಮಲಗಿಸಿದರೆ ಹಿಮ ಉಗುಳುತ್ತದೆ."
ಮೆಣಸಿನ ಬಳ್ಳಿಗೆ ಮೈಲುತುತ್ತ ಹೊಡೆಯುತ್ತಿದ್ದ ಪೈಪು,
ಎಂಟು ಮೀಟರು, ಒಳಗಿನ ನೀಲಿ ಮೂರು ಸಲ ತೊಳೆದರೂ ಹೋಗಲಿಲ್ಲ.
ಪಂಕ್ಚರ್ ಅಂಗಡಿಯ ಹಿತ್ತಾಳೆ ಮೂತಿ,
ಎರಡು ಕ್ಲಿಪ್ಪು, ಕಟ್ಟಿಹಾಕಲು ಹಳೆಯ ಸೀಟ್ ಬೆಲ್ಟು.
ಕೀಲುಕೀಲಿಗೂ ಸೋಪಿನ ನೊರೆ ಹಚ್ಚಿ ಕೂತೆ.
ಒಂದೇ ಒಂದು ಗುಳ್ಳೆ ಎದ್ದಿತು.
ಬಿಗಿದೆ. ಮತ್ತೆ ಎದ್ದಿತು. ಮತ್ತೆ ಬಿಗಿದೆ.

ಆದರೆ ಗಡಿಯಾರದಂಥ ಆ ಮುಳ್ಳು
ಕೊನೆಯ ತೊಟ್ಟಿನವರೆಗೂ ತುಂಬಿದೆ ತುಂಬಿದೆ ಅನ್ನುತ್ತದೆ.
ನಂಬುವಂಥದ್ದು ತಕ್ಕಡಿ ಮಾತ್ರ.
ಹಾಗಾಗಿ ಮೆಣಸು ಕೊಳ್ಳುವ ಅಚ್ಚಯ್ಯನ ಮಂಡಿಯಲ್ಲಿ,
ಗೋಣಿಗಳ ನಡುವೆ, ಸಿಲಿಂಡರು ನಿಲ್ಲಿಸಿ ತೂಗುತ್ತೇನೆ.
ಖಾಲಿಗೆ ಒಂಬತ್ತು, ತುಂಬಿದರೆ ಹದಿನಾಲ್ಕು,
ಒಂದು ಸಲದ ನಾಲ್ಕು ಟಯರಿಗೆ ನಾನೂರು ಗ್ರಾಂ.
ಅಚ್ಚಯ್ಯ ಚೀಟಿಯಲ್ಲಿ ಗಂಭೀರವಾಗಿ ಬರೆಯುತ್ತಾನೆ:
ಮಾಲು: ಗಾಳಿ. ತೇವಾಂಶ: ಇಲ್ಲ.

ಭಾನುವಾರ, ಮೇಲಿನ ತಿರುವಿನಲ್ಲಿ, ಮಂಜಿನಲ್ಲಿ,
ಪಳಂಗಪ್ಪನ ಹಿಂದಿನ ಟಯರು ರಿಮ್ಮಿನಿಂದ ಕಳಚಿ ಕೂತಿತ್ತು.
ಅವನ ಕಡಜ ಗುಂಯ್‌ಗುಟ್ಟಿತು, ಗುಂಯ್‌ಗುಟ್ಟಿತು,
ಇತ್ತ ಹೋದದ್ದು ಅತ್ತ ಸಂದಿನಲ್ಲಿ ಹೊರಗೆ.
ನಾನು ಪೈಪು ಎಳೆದುಕೊಂಡು ಹೋದೆ. ಏನೂ ಅನ್ನಲಿಲ್ಲ.
ಒಂದೇ ರಭಸ. ಠಣ್. ಇನ್ನೊಂದು ಠಣ್.
ಟಯರು ತನ್ನ ಜಾಗ ಹಿಡಿಯಿತು.
ರೆಗ್ಯುಲೇಟರಿನ ಕತ್ತಿನಲ್ಲಿ ಬೆಳ್ಳಗೆ ಹಿಮ ಕೂತಿತ್ತು,
ಅವನ ಗಿರಾಕಿಯ ಹುಡುಗಿಯೊಬ್ಬಳು ಬೆರಳಲ್ಲಿ ಕೆರೆದು ನೋಡಿದಳು.

"ಎಷ್ಟಾಯಿತು?" ಅಂದ ಪಳಂಗಪ್ಪ, ಬೇರೆ ಕಡೆ ನೋಡುತ್ತ.
"ಇನ್ನೂರು ಗ್ರಾಂ ಇರಬಹುದು."
ಮಂಗಳವಾರ ಕಾಗದದ ಪೊಟ್ಟಣವೊಂದು ನನ್ನ ಸೀಟಿನ ಮೇಲೆ,
ಅವನ ತೋಟದ ಕರಿಮೆಣಸು.
ಅಚ್ಚಯ್ಯನಲ್ಲಿ ತೂಗಿದೆ. ಇನ್ನೂರ ಹತ್ತು.

ನಿನ್ನೆ ಸುಂಟಿಕೊಪ್ಪದಲ್ಲಿ, ರಸ್ತೆ ಬದಿ,
ಮೂಸಕಾಕ ಟಯರಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು.
ನಾನು ಮೂತಿ ಕೀಳುವಾಗ
ಆ ಚೂರು ಸದ್ದು ಬಂತಲ್ಲ, ಗೋಲಿ ಒಳಗೆ ಬಿದ್ದಾಗಿನ ಅದೇ ಸದ್ದು,
ಅವರ ಕೈ ತಾನಾಗಿ ಹೆಗಲ ಟವಲಿಗೆ ಹೋಯಿತು.
ಸೀಸೆಯ ಬಾಯಿ ಒರೆಸುವ ಹಾಗೆ
ವಾಲ್ವು ಒರೆಸಿ ಮುಚ್ಚಳ ತಿರುಗಿಸಿದರು.
ಆಮೇಲೆ ನನ್ನನ್ನು ನೋಡಿ:
"ಉಪ್ಪೋ, ನಿಂಬೆಯೋ?"