ಮುಟ್ಟಬ್ಯಾಡ್ರಿ

ಗೋಣಿತಾಟಿನ ಮೇಲೆ ಬಿಚ್ಚಿಟ್ಟ ಫಿಯೆಟ್ಟಿನ ಕೀಲುಗಳು:
ಎರಡು ವಿಶ್‌ಬೋನು, ಸ್ಪ್ರಿಂಗು, ಅರ್ಧ ಡಾಲ್ಡಾ ಡಬ್ಬಿ ಬೋಲ್ಟು.
ಅರವತ್ತು ವರ್ಷದ ಗ್ರೀಸಿಗೆ ಸೀಮೆಎಣ್ಣೆ ಕುಡಿಸಿ
ಕೂತಿದ್ದೇವೆ ಜಬೀವುಲ್ಲಾ ಮತ್ತು ನಾನು,
ಪಿ.ಬಿ. ರೋಡಿನ ಲಾರಿಗಳು
ಶೆಡ್ಡಿನ ತಗಡು ನಡುಗಿಸುತ್ತಿವೆ.

ಕ್ರೋಮು? ನಕ್ಕ. "ಅಡಿಗೆ ಬಗ್ಗಿ ಯಾರ್ ನೋಡ್ತಾರೆ?"
ಜಿಂಕು? ಬೋಲ್ಟಿಗೆ ಸರಿ. ಸ್ಪ್ರಿಂಗಿಗೆ ಬ್ಯಾಡ,
ಆಸಿಡ್ ಕುಡಿದದ್ದು ಒಳಗೊಳಗೇ ಪೆಡಸಾಗಿ
ಯಾವುದೋ ಹಂಪಿನ ಮೇಲೆ ಹಪ್ಪಳ.
ಕರೂರಿನಲ್ಲಿ ಪೌಡರ್ ಕೋಟಿಂಗ್ ಇದೆಯಲ್ಲ,
ಭಟ್ಟಿಯಲ್ಲಿ ಬೇಯಿಸಿ ಕನ್ನಡಿ ಮಾಡಿ ಕೊಡ್ತಾರೆ.
"ಕೊಡ್ತಾರೆ," ಅಂದ. "ಒಂದ್ ಕಲ್ಲು ಬಡಿದ್ರೆ ಸಾಕು,
ಸಿಪ್ಪೆ ಒಳಗೆ ನೀರು ಸಂಸಾರ ಹೂಡ್ತೈತೆ.
ಮೇಲೆ ನಗು. ಒಳಗೆ ತೂತು.
ಬಣ್ಣ ಹಂಗಲ್ಲ ಸಾರ್. ನೊಂದ್ರೆ ತೋರಿಸ್ತೈತೆ."

ಹಾಗಾಗಿ ರೆಡ್ ಆಕ್ಸೈಡು, ಮೇಲೆ ಕಪ್ಪು, ಬ್ರಶ್ಶಿನಲ್ಲೇ.

ತಂತಿ ಬ್ರಶ್ಶು ಹಿಡಿದು ತಿಕ್ಕುವಾಗ
ಕೆಳತೋಳಿನ ಒಳಮೈಯಲ್ಲಿ
ಹಳೇ ಬಣ್ಣದಲ್ಲಿ ಹೂತ ಒಂದು ಹೆಬ್ಬೆಟ್ಟು ಸಿಕ್ಕಿತು.
ನನ್ನದಲ್ಲ. ಅವನ ಅಬ್ಬಾನದೂ ಅಲ್ಲ,
ಆ ಬೆರಳನ್ನು ಅವರು ಕಾಟನ್ ಮಿಲ್ಲಿಗೆ ಕೊಟ್ಟು ಬಂದವರು.
ಸುತ್ತ ತುಕ್ಕು ಹಬ್ಬಿತ್ತು, ಬಿಡುವ ಹಾಗಿರಲಿಲ್ಲ.
ಅದನ್ನೂ ತಿಕ್ಕಿದೆವು.

ಸಂಜೆ ಎಲ್ಲವನ್ನೂ ತಂತಿಗೆ ನೇತುಹಾಕಿ
"ನಾಳೆವರೆಗೂ ಮುಟ್ಟಬ್ಯಾಡ್ರಿ" ಎಂದು
ಮಂಡಕ್ಕಿ ತರಲು ಹೋದ.
ಎದುರಿನ ಗಾಡಿಯಲ್ಲಿ ಮೊದಲ ಮಿರ್ಚಿ
ಬಾಣಲೆಗೆ ಬೀಳುವಷ್ಟರಲ್ಲಿ
ನನ್ನ ಹೆಬ್ಬೆರಳು ಕಪ್ಪಾಗಿತ್ತು.