ಐಸಿನ ಲೆಕ್ಕ

ನಿನ್ನೆ ಸಭೆಯಲ್ಲಿ ಬೊಬ್ಬರ್ಯನ ಹೆಸರಲ್ಲಿ
ಆಣೆ ಹಾಕಿಸಿದರು ಮುಂದಾಳುಗಳು:
ಬ್ಯಾರಿಗಳ ಅಂಗಡಿಯ ಕಲ್ಲುಪ್ಪೂ ಬೇಡ.
ನಾನೂ ಕೈ ಎತ್ತಿದೆ. ಸುಳ್ಳು ಯಾಕೆ?

ಇವತ್ತು ಮಲ್ಪೆ ಧಕ್ಕೆ, ಬೆಳಗಿನ ನಾಲ್ಕು.
ಅವರದೇ ಬೋಟು ಹೊರಡಲಿಕ್ಕುಂಟು.
ಮೂತಿಗೆ ಮಲ್ಲಿಗೆ,
ಹೊಟ್ಟೆಗೆ ಅದ್ರಾಮ ಬ್ಯಾರಿಯ ಐಸು, ಕಡ.

"ಭಾಷಣ ಕೇಳಿತಾ ಬ್ಯಾರಿಗಳೇ?"
"ಕೇಳದೆ? ಸ್ಪೀಕರು ನಮ್ಮ ಗೇಟಿಗೇ ಕಟ್ಟಿದ್ದು."
ಕಿವಿಯ ಪೆನ್ನು ತೆಗೆದು ಬರೆದರು:
ನಲವತ್ತು ಬ್ಲಾಕು. ಹಳೇ ಬಾಕಿ ಬೇರೆ.

ನನ್ನ ಬಂಗುಡೆ ಬುಟ್ಟಿಗೆ ಎರಡು ಹಿಡಿ
ಪುಡಿ ಐಸು ಸುರಿದರು, ದಿನದ ಹಾಗೆ.

ಬೋಣಿಯ ನೋಟು ಕಣ್ಣಿಗೊತ್ತಿ
ಬೊಬ್ಬರ್ಯನ ಗುಡಿಯೆದುರು ನಿಂತೆ.
ಅಜ್ಜಿ ಹೇಳುತ್ತಿದ್ದ ಪಾಡ್ದನದಲ್ಲಿ
ಅವನ ಅಪ್ಪನೂ ಬ್ಯಾರಿಯೇ.
ನಿನ್ನೆ ಎತ್ತಿದ ಕೈಯನ್ನು
ಸೆರಗಿಗೆ ಒರೆಸಿಯೇ ಒರೆಸಿದೆ.