ಇಪ್ಪತ್ತೊಂದನೆಯ ದಿನ

"ಏನೂ ಮುಟ್ಟಬ್ಯಾಡ. ನನ್ನ ಎಡಕ್ಕ ನಿಂದ್ರು.
ನೆರಳಿದ್ಹಂಗ ಇರು," ಅಂದರು ಡಾಕ್ಟರ್ ನೀಲಾಂಬಿಕಾ ಹಂಜಗಿ
ಮೊದಲ ದಿನ, ಹೆಸರು ಕೇಳುವ ಮೊದಲೇ.
ಬಾಗಲಕೋಟೆ ನವನಗರದ ಆಸ್ಪತ್ರೆ, ಎರಡನೇ ಮಹಡಿ.
ಕಿಟಕಿಗೆ ಬೇವಿನ ಮರ, ಗೋಡೆಗೆ ಯಾರೋ ಬಿಡಿಸಿದ ಆನೆ.
ಆನೆಗೆ ಯಾಕೋ ಮೂರೇ ಕಾಲು.
ನಾನು ಗುಳೇದಗುಡ್ಡದವಳು. ನಿಲ್ಲುವುದು ಗೊತ್ತು.
ಅಪ್ಪನ ಮಗ್ಗದ ಹಿಂದೆ, ಹರಿದ ಎಳೆ ಹುಡುಕುತ್ತ
ಹತ್ತು ವರ್ಷ ನಿಂತಿದ್ದೇನೆ.

ಡಾಕ್ಟರು ಸ್ಟೆತಾಸ್ಕೋಪಿನ ಬಿಲ್ಲೆಯನ್ನು
ಮೊದಲು ಅಂಗೈಯಲ್ಲಿ ಕಾಸುತ್ತಾರೆ,
ಆಮೇಲೆ ಮಗುವಿನ ಎದೆಗೆ.
ಕಣ್ಣು ಮುಚ್ಚುವುದಿಲ್ಲ. ಆನೆಯನ್ನೇ ನೋಡುತ್ತಾರೆ.
ಕೇಳಿ ಆದ ಮೇಲೆ ಕೊಳವೆ ನನ್ನ ಕಿವಿಗೆ ದಾಟಿಸಿ
"ಕೇಳಿಸ್ತನು?"
"ಹೂಂರಿ ಮೇಡಂ."
ಸುಳ್ಳು.
ನನಗೆ ಕೇಳಿಸಿದ್ದು ಫ್ಯಾನು, ಹೊರಗಿನ ಆಟೋ,
ನನ್ನದೇ ಕಿವಿಯೊಳಗಿನ ನೆತ್ತರು.

ಇಪ್ಪತ್ತು ದಿನ ಹೂಂ ಅಂದೆ.

ಕೆರೂರಿನ ಮುಸ್ಕಾನ್ ಬಾಗವಾನ, ಒಂಬತ್ತು ವರ್ಷ.
ಎರಡು ಮಳೆಗಾಲದ ಹಿಂದೆ ಗಂಟಲು ಬಾತಿತ್ತು,
ಆಮೇಲೆ ಮೊಣಕಾಲು. ಅರಿಶಿಣದ ಹಾಲು ಕುಡಿಸಿದರು, ಇಳಿಯಿತು.
ಇಳಿದದ್ದು ಎದೆಗೆ ಎಂದು ಆಗ ಯಾರಿಗೆ ಗೊತ್ತು?
ಈಗ ಇಪ್ಪತ್ತೊಂದು ದಿನಕ್ಕೊಮ್ಮೆ ಒಂದು ಸೂಜಿ,
ಇನ್ನೂ ಎಷ್ಟೋ ವರ್ಷ.
ಗಟ್ಟಿ ಬಿಳಿ ಮದ್ದು ಒಳಗಿಳಿಯುವಾಗ ಅವಳು ಬೈಯುವ ಬೈಗುಳಕ್ಕೆ
ಸಿಸ್ಟರ್ ಕಸ್ತೂರವ್ವ ಸೆರಗು ಬಾಯಿಗಿಟ್ಟು ನಗುತ್ತಾರೆ.
ತಾಯಿ ಶಮಶಾದ್ ಬುಟ್ಟಿಯ ತಳದಿಂದ
ಒಂದು ಪೇರಲ ತೆಗೆದು ಮೇಜಿನ ಮೇಲಿಡುತ್ತಾಳೆ, ಮಾತಿಲ್ಲದೆ.

ಎಕೋ ಕೋಣೆ ಕತ್ತಲು.
ಪರದೆಯ ಮೇಲೆ ಕೆಂಪು ಇಳಿದು ಬರುತ್ತದೆ, ಬಾಗಿಲು ಮುಚ್ಚುತ್ತದೆ,
ಮುಚ್ಚಿದ ಸಂದಿಯಿಂದ ನೀಲಿಯೊಂದು ಚಿಮ್ಮಿ ಹಿಂದಕ್ಕೆ.
"ನಮ್ಮ ಮನಿ ಹಳೇ ಊರಾಗಿತ್ತು, ಕಿಲ್ಲಾದಾಗ,"
ಡಾಕ್ಟರು ಪರದೆಗೇ ಹೇಳುತ್ತಾರೆ.
"ಹೊಳಿ ಮುಂದ ಹೋಗೂದು ಬಿಟ್ಟು ಹಿಂದ ಬಂತು.
ಹಿನ್ನೀರು ಸದ್ದು ಮಾಡೂದಿಲ್ಲ. ಒಂದು ಮುಂಜಾನಿ ನೋಡಿದ್ರ
ಕಟ್ಟಿ ಮ್ಯಾಲಿನ ರಂಗೋಲಿ ಕರಗಾಕತ್ತಿತ್ತು, ಅಷ್ಟ.
ಇಲ್ಲೆ ಹಂಗಲ್ಲ. ಹಿಂದ ಬರೋ ನೆತ್ತರು ಸದ್ದು ಮಾಡತೈತಿ.
ಅದೊಂದು ಪುಣ್ಯಾ."
ಆಮೇಲೆ, ನನ್ನ ಕಡೆ ತಿರುಗದೆ:
"ಕೇಳಿಲ್ಲ ಅಂದ್ರ ಕೇಳಿಲ್ಲ ಅನ್ನು.
ನೀ ಹೂಂ ಅಂದಿ ಅಂತ
ಕೂಸಿನ ಎದಿ ತನ್ನ ಮಾತು ಬದಲಿಸೂದಿಲ್ಲ."

ನಾನು ಅಳಲಿಲ್ಲ. ಮುಸ್ಕಾನ್ ಅಳುತ್ತಿರಲಿಲ್ಲವಲ್ಲ.
ಡಾಕ್ಟರು ಕೊಳವೆಯನ್ನು ಅವಳ ಕಿವಿಗೇ ಸಿಕ್ಕಿಸಿ
ಬಿಲ್ಲೆಯನ್ನು ನನ್ನ ಎದೆಗಿಟ್ಟರು.
"ಅಕ್ಕಾಂದು ಭಾಳ ಜೋರ್ ಓಡಾಕತ್ತೈತಿ," ಅಂದಳು.
"ಅಂಜ್ಯಾಳ."

ನಂತರ ನನ್ನ ಸರದಿ. ಎಡಮಗ್ಗುಲಿಗೆ ಹೊರಳಿದಳು,
ಉಸಿರು ಬಿಟ್ಟು ಹಿಡಿದಳು, ನನಗಾಗಿ.
ಫ್ಯಾನು ಕಳೆದೆ. ಆಟೋ ಕಳೆದೆ. ನನ್ನನ್ನು ಕಳೆದೆ.
ಉಳಿದದ್ದು
ಲಾಳಿ ಹೋದ ದಿಕ್ಕಿಗೆ ಎಳೆಯೊಂದು ಸಡಿಲಾಗಿ
ಹಾಸನ್ನು ಉಜ್ಜಿಕೊಂಡು ಹೋಗುವಾಗಿನ ಆ ಶ್‌ಶ್‌ಶ್.
ಅಪ್ಪ ಕೇಳಿದ ಕೂಡಲೇ ಮಗ್ಗ ನಿಲ್ಲಿಸುತ್ತಿದ್ದ ಸದ್ದು.

ಇದನ್ನು ನಿಲ್ಲಿಸಿ ನೋಡುವ ಹಾಗಿಲ್ಲ.

ನನ್ನ ಆರು ವಾರ ಮುಗಿಯುವ ದಿನವೇ
ಅವಳ ಮುಂದಿನ ಇಪ್ಪತ್ತೊಂದು.
ಹನ್ನೆರಡಕ್ಕೆ ಕೆರೂರಿನ ಬಸ್ಸು ಬಂತು, ಅವಳಿಲ್ಲ.
ಎರಡರ ಬಸ್ಸು. ನಾಲ್ಕರದು.
ಶಮಶಾದಳ ಫೋನು ಸ್ವಿಚ್ ಆಫ್.
ಟ್ರೇಯಲ್ಲಿ ಪುಡಿಯ ಬಾಟಲಿ, ಇನ್ನೂ ನೀರು ಬೆರೆಸಿಲ್ಲ.
ಕಸ್ತೂರವ್ವ ಕಿಟಕಿ ಹಾಕಿದರು, ಮತ್ತೆ ತೆಗೆದರು.
ಸಹಿಯಾದ ನನ್ನ ಪ್ರಮಾಣಪತ್ರ ಕವರಿನಲ್ಲಿತ್ತು;
ಗುಳೇದಗುಡ್ಡದ ಬಸ್ಸು ಐದೂವರೆಗೆ.
ಡಾಕ್ಟರು ಆನೆಯ ಕೆಳಗಿನ ಕುರ್ಚಿಯನ್ನು
ಕಾಲಿನಿಂದ ನನ್ನ ಕಡೆ ತಳ್ಳಿದರು:
"ಕೂಡು. ಆರರ ಬಸ್ ಇನ್ನೂ ಐತಿ."

ಆರು ವಾರದಲ್ಲಿ ಮೊದಲ ಸಲ ಕೂತೆ.
ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸಪ್ಪಳವಾದರೂ
ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು.